ಬ್ಲೇಡು ನಮ್ಮ ಕಣ್ಣೆದುರೇ ಬಿಚ್ಚಲಿ

ಮಾನ್ಯರೇ,

ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮಷಿನ್ ಮುಂದೆ ಬಗ್ಗಿ ಕೂತು ನನ್ನ ಕುತ್ತಿಗೆ, ಬಲಭುಜ ಹಿಡಿದುಹೋಗಿವೆ. ಹೋದ ತಿಂಗಳು ನಮ್ಮ ಬಡಾವಣೆಯಲ್ಲಿ ಕಪ್ಪಿಂಗ್ ಶಿಬಿರ, ಅಂದರೆ ನೋವಿರುವ ಕಡೆ ಬಟ್ಟಲಿನಂಥ ಕಪ್ ಇಟ್ಟು ಚರ್ಮ ಎಳೆಯುವ ಚಿಕಿತ್ಸೆಯ ಶಿಬಿರ, ಇದೆ ಅಂತ ಕರಪತ್ರ ಬಂತು. ಹೋದೆ.

ಇದು ನನಗೆ ತೀರಾ ಹೊಸದೇನಲ್ಲ. ಚಿಕ್ಕವಳಿದ್ದಾಗ ಹೊಟ್ಟೆನೋವು ಬಂದರೆ ಅಜ್ಜಿ ಹೊಕ್ಕುಳ ಮೇಲೆ ಹಿಟ್ಟಿನ ಉಂಡೆ ಇಟ್ಟು, ಅದಕ್ಕೆ ಬತ್ತಿ ಸಿಕ್ಕಿಸಿ ಹಚ್ಚಿ, ಹಿತ್ತಾಳೆ ಚೊಂಬು ಬೋರಲು ಹಾಕುತ್ತಿದ್ದರು. ಬತ್ತಿ ಆರಿ ಒಳಗಿನ ಗಾಳಿ ತಣ್ಣಗಾದಂತೆ ಚೊಂಬು ಚರ್ಮವನ್ನು ಕಚ್ಚಿ ಹಿಡಿಯುತ್ತಿತ್ತು. ಸುಶ್ರುತ ಸಂಹಿತೆಯಲ್ಲೂ ಕೊಂಬು, ಸೋರೆಬುರುಡೆ ಇಟ್ಟು ರಕ್ತ ತೆಗೆಯುವ ಕ್ರಮ ಇದೆ. ಯುನಾನಿ ವೈದ್ಯ ಪದ್ಧತಿಯವರು ಕಪ್ಪಿಂಗ್‌ಗೆ ಹಿಜಾಮಾ ಅನ್ನುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲಿದ್ದ ದುಂಡನೆ ಗುರುತುಗಳು ಇದರವೇ.

ಶಿಬಿರದಲ್ಲಿ ಮೊದಲು ಬರೀ ಕಪ್ ಇಟ್ಟು ಪಂಪಿನಿಂದ ಗಾಳಿ ಎಳೆದರು. ಭುಜ ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬ್ಲೇಡಿನಿಂದ ಚರ್ಮ ಗೀರಿ ‘ಕೆಟ್ಟ ರಕ್ತ’ ತೆಗೆಯುತ್ತೇವೆ ಎಂದರು. ಪಕ್ಕದ ಹೆಂಗಸಿನ ಬೆನ್ನಿಂದ ತೆಗೆದ ಕಪ್ಪುಗಳನ್ನು ನೀಲಿ ಬಕೆಟ್ಟಿನ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ನನ್ನ ಹತ್ತಿರ ತಂದರು. ಒಂದರ ಅಂಚಿನಲ್ಲಿ ಇನ್ನೂ ರಕ್ತ ಅಂಟಿತ್ತು. ಎದ್ದು ಬಂದುಬಿಟ್ಟೆ.

ಆ ಹೆಂಗಸು ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗುವ ಮಾತ್ರೆಯನ್ನೂ ನುಂಗುತ್ತಾರಂತೆ. ಯಾರೂ ಅವರನ್ನು ಏನೂ ಕೇಳಲಿಲ್ಲ. ಅಂಥವರಿಗೆ ಗೀರಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಗಾಯ ಮಾಯುವುದೂ ತಡ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಇನ್ನು ಆ ‘ಕೆಟ್ಟ ರಕ್ತ’! ಕಪ್ಪಿನಲ್ಲಿ ಕಪ್ಪಗೆ ಹೆಪ್ಪುಗಟ್ಟಿದ್ದನ್ನು ಎಲ್ಲರಿಗೂ ತೋರಿಸುತ್ತಿದ್ದರು. ಯಾರ ರಕ್ತವಾದರೂ ಹೊರಗೆ ಬಂದು ಸ್ವಲ್ಪ ಹೊತ್ತಾದರೆ ಹೆಪ್ಪುಗಟ್ಟುತ್ತದೆ ಅಲ್ವಾ? ಅದನ್ನು ತೋರಿಸಿ ಜನರನ್ನು ಹೆದರಿಸುವುದು ತಪ್ಪು.

ಕುತ್ತಿಗೆ, ಸೊಂಟದ ನೋವಿಗೆ ಕಪ್ಪಿಂಗ್‌ನಿಂದ ಕೆಲವು ದಿನ ಆರಾಮ ಸಿಗಬಹುದು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅದಕ್ಕಿಂತ ಜಾಸ್ತಿ ಭರವಸೆ ಯಾರೂ ಕೊಡಬಾರದು. ಕಲಿತು ಮಾಡುವವರು ನಮ್ಮಲ್ಲೇ ಇದ್ದಾರೆ, ರಾಷ್ಟ್ರೀಯ ಯುನಾನಿ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಹಾಗಿರುವಾಗ ಯಾರು ಬೇಕಾದರೂ ಬ್ಲೇಡು ಹಿಡಿಯುವುದನ್ನು ಆರೋಗ್ಯ ಇಲಾಖೆ ಸುಮ್ನೆ ನೋಡುತ್ತಾ ಕೂರಬಾರದು. ಶಿಬಿರ ನಡೆಸುವವರು ನೋಂದಾಯಿತ ವೈದ್ಯರೇ ಎಂದು ಮೊದಲೇ ವಿಚಾರಿಸಲಿ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಹೊಸ ಕಪ್ಪು ಕಡ್ಡಾಯ ಮಾಡಲಿ.

– ಒಬ್ಬ ಹೊಲಿಗೆ ಕೆಲಸದವಳು, ತುಮಕೂರು