ಮಾಡು ಹಾಗೆಯೇ ಇರಲಿ, ಅಡುಗೆಮನೆ ಬದಲಾಗಲಿ

ಬದಿಯಡ್ಕ, ಕಾಸರಗೋಡು ಜಿಲ್ಲೆ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಮ್ಮ ಹಳೆಯ ಮನೆಯ ದುರಸ್ತಿಗೆಂದು ನೀನು ಕಳುಹಿಸಿದ ನಕ್ಷೆಯನ್ನು ನಾನೂ ಅಪ್ಪನೂ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆವು. ನೀವು ಮಕ್ಕಳನ್ನು ಕರೆದುಕೊಂಡು ಊರಿಗೇ ಬರುತ್ತೀರಿ ಎಂಬ ಸಂತೋಷ ಎಷ್ಟೆಂದು ಬರೆಯಲಾರೆ. ಆದರೆ ಹಂಚಿನ ಮಾಡು, ಅಂದರೆ ಚಾವಣಿ, ತೆಗೆದು ಸ್ಲ್ಯಾಬ್ ಹಾಕಿ ಅದರ ಮೇಲೆ ಶೀಟು ಹೊದಿಸುವುದು ಎಂದು ಅದರಲ್ಲಿ ಬರೆದಿದೆ. ಅದನ್ನು ನಾನು ಒಪ್ಪುವುದಿಲ್ಲ. ಅಡುಗೆಮನೆಯನ್ನು ಮಾತ್ರ ಹಳೆಯ ಚಂದ ಕೆಡಬಾರದೆಂದು ನಕ್ಷೆ ಮಾಡಿದವರು ಮುಟ್ಟದೆ ಬಿಟ್ಟಿದ್ದಾರಲ್ಲ, ಅದನ್ನು ಇನ್ನೂ ಒಪ್ಪುವುದಿಲ್ಲ.

ಅಡುಗೆಮನೆಯ ಮಾತನ್ನೇ ಮೊದಲು ಹೇಳುತ್ತೇನೆ. ಮದುವೆಯಾಗಿ ಬಂದಂದಿನಿಂದ ಗ್ಯಾಸ್ ಬರುವವರೆಗೂ ಆ ಕೋಣೆಯ ಹೊಗೆ ಕುಡಿದವಳು ನಾನು. ನನಗಿಂತ ಮೊದಲು ನಿನ್ನ ಅಜ್ಜಿ ಕುಡಿದರು. ನೆಲಕ್ಕಂಟಿದ ಒಲೆ, ಕೈಯಗಲದ ಒಂದು ಕಿಟಕಿ, ಬಾವಿಯಿಂದ ಹೊತ್ತು ತರಬೇಕಾದ ನೀರು. ಮನೆ ಕಟ್ಟಿಸಿದವರು ಚಾವಡಿಯ ಕಂಬಕ್ಕೆ ಹೂಬಳ್ಳಿ ಕೆತ್ತಿಸಿದರು, ಅಡುಗೆಮನೆಗೆ ಇನ್ನೊಂದು ಕಿಟಕಿ ಇಡಿಸಲಿಲ್ಲ. ಅದನ್ನು ಪರಂಪರೆಯೆಂದು ಕಾಪಾಡುವ ಅಗತ್ಯವಿಲ್ಲ. ಪೂರ್ವದ ಗೋಡೆಯಲ್ಲಿ ದೊಡ್ಡ ಕಿಟಕಿ ಇಡಿಸು, ನಿಂತು ಅಡುಗೆ ಮಾಡುವ ಕಟ್ಟೆ ಮಾಡಿಸು, ನಲ್ಲಿ ಹಾಕಿಸು. ಬಚ್ಚಲು, ಪಾಯಿಖಾನೆ ಕೂಡ ಒಳಗೇ ಬರಲಿ. ಆಟಿ ತಿಂಗಳ ಮಳೆಯಲ್ಲಿ, ನಡುರಾತ್ರಿ, ಟಾರ್ಚು ಹಿಡಿದು ಅಂಗಳ ದಾಟುವ ಕಷ್ಟ ನಿನ್ನ ಮಗಳಿಗೆ ಬೇಡ. ಆದರೆ ಅದನ್ನು ಹಳೆಯ ಕೋಣೆಯೊಳಗೆ ತುರುಕಬೇಡ, ನೀರಿನ ಪೈಪು ಕೆಂಪು ಮುರಕಲ್ಲಿನ ಗೋಡೆಯೊಳಗೆ ಸೋರಿದರೆ ಎಲ್ಲಿ ಸೋರುತ್ತಿದೆಯೆಂದು ಪತ್ತೆಯಾಗುವುದಿಲ್ಲ. ಹಿಂದಿನ ಜಗಲಿಗೆ ತಾಗಿಸಿ, ಬೇರೆ ಅಡಿಪಾಯದ ಮೇಲೆ ಹೊಸದಾಗಿ ಕಟ್ಟಿಸು.

ಒಂದು ಎಚ್ಚರಿಕೆ ಮಾತ್ರ. ಆ ಹೊಗೆ ನಮ್ಮನ್ನು ಅಳಿಸಿದ್ದು ನಿಜ, ಮಾಡು ಹೊತ್ತ ಮರದ ಪಕ್ಕಾಸುಗಳನ್ನು ಕಾಪಾಡಿದ್ದೂ ನಿಜ. ಮಸಿ ಹಿಡಿದ ಮರಕ್ಕೆ ಹುಳ ಬರುತ್ತಿರಲಿಲ್ಲ. ಒಲೆ ಆರಿದ ಮೇಲೆ ಅಲ್ಲಲ್ಲಿ ಹಿಟ್ಟು ಉದುರುತ್ತಿದೆ. ಹಂಚು ಇಳಿಸಿದಾಗ ಒಂದೊಂದು ಪಕ್ಕಾಸನ್ನೂ ಬಡಿದು ನೋಡಬೇಕು, ಟೊಳ್ಳಾದುದನ್ನು ಬದಲಿಸಿ ಉಳಿದುದಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಸಬೇಕು. ಬಳಿಯುವವರಿಗೆ ಕೈಗವಸು ಕೊಡು, ಆ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ.

ಇನ್ನು ಮಾಡಿನ ವಿಷಯ. ಈ ಮನೆ 1930ರ ಆಸುಪಾಸಿನದು. ನಾವು ಕೇರಳಕ್ಕೆ ಸೇರುವುದಕ್ಕೆ ಕಾಲು ಶತಮಾನ ಮೊದಲು, ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ಇದ್ದಾಗ ಕಟ್ಟಿದ್ದು. ಅದಕ್ಕೂ ಹಿಂದಿನ ಮನೆಗೆ ಮುಳಿಹುಲ್ಲಿನ ಹೊದಿಕೆ ಇತ್ತಂತೆ. ಹಂಚು ಮಂಗಳೂರಿನಿಂದ ರೈಲಿನಲ್ಲಿ ಕುಂಬಳೆಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂತೆಂದು ನಿನ್ನ ಅಜ್ಜ ಹೇಳುತ್ತಿದ್ದರು. ಹಂಚನ್ನು ಮಗುಚಿ ನೋಡು, ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಅಚ್ಚು ಇದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಅದನ್ನು ವಶಪಡಿಸಿಕೊಂಡು, ಕೊನೆಗೆ ಆ ಟ್ರಸ್ಟಿಗೆ ಒಪ್ಪಿಸಿತು. ಯುರೋಪಿನ ಆ ಯುದ್ಧದ ಗುರುತು ನಮ್ಮ ಅಟ್ಟದ ಮೇಲೆ ಕುಳಿತಿದೆ ಎಂದು ಮಕ್ಕಳಿಗೆ ತೋರಿಸಬೇಕೆಂಬ ಆಸೆ ನನಗೆ.

ಆದರೆ ಆಸೆಗಾಗಿ ಮಾಡು ಉಳಿಸು ಎನ್ನುತ್ತಿಲ್ಲ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು, ಭಾರ 40 ಕಿಲೋದ ಆಸುಪಾಸು. 12 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ಅಷ್ಟೇ ಜಾಗಕ್ಕೆ 300 ಕಿಲೋ ತೂಗುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಮೇಲೆ ಅದನ್ನು ಹೇರುವ ಧೈರ್ಯ ನನಗಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ಮನೆಯಲ್ಲಿ ಬಿಚ್ಚಲಾಗದ ಭಾಗವೇ ಇಲ್ಲ. ಒಂದು ಹಂಚು ಒಡೆದರೆ ಆ ಒಂದನ್ನೇ ಬದಲಿಸಬಹುದು. ಹಂಚಿನಡಿಯ ಮರದ ರೀಪು ಹೋದರೆ ರೀಪು, ಗಾರೆ ಉದುರಿದರೆ ಗಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಮನೆ ಕೆಡುವುದಿಲ್ಲವೆಂದು ಯಾರೂ ನಂಬಿರಲಿಲ್ಲ. ಕೆಟ್ಟಾಗ ಊರಿನ ಮೇಸ್ತ್ರಿ, ಊರಿನ ಆಚಾರಿ ಸರಿಮಾಡುವಂತೆ ಕಟ್ಟಿದರು. ನೀನು ಹೊಸದಾಗಿ ಏನು ಸೇರಿಸಿದರೂ ಹಾಗೆಯೇ ಇರಲಿ, ನಾಳೆ ನಿನ್ನ ಮಕ್ಕಳಿಗೆ ಬೇಡವಾದರೆ ಮನೆಗೆ ಗಾಯವಾಗದೆ ತೆಗೆಯುವಂತಿರಲಿ. ಸ್ಲ್ಯಾಬನ್ನು ಹಾಗೆ ತೆಗೆಯಲಾಗುವುದಿಲ್ಲ.

ಗೋಡೆಯ ಬಗ್ಗೆ ನೀನು ಕೇಳಿದ್ದೆ. ಕೆಳಗಿನ ಎರಡು ಅಡಿ ತೇವ ಏರಿದೆ, ಗಾರೆ ಪುಡಿಯಾಗುತ್ತಿದೆ, ನಿಜ. ಅದಕ್ಕೆ ಸಿಮೆಂಟ್ ಗಾರೆ ಮಾಡಿಸಿ ಮುಗಿಸೋಣ ಎಂಬ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡ. ಮುರಕಲ್ಲು ನೀರು ಹೀರುವ ಕಲ್ಲು. ಸುಣ್ಣದ ಗಾರೆಯಾದರೆ ಹೀರಿದ ನೀರನ್ನು ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ, ತೇವ ಸಿಮೆಂಟಿನ ಅಂಚು ದಾಟಿ ಮೇಲೆ ಏರುತ್ತದೆ, ಸಿಮೆಂಟಿನ ಹಿಂದೆ ಕಲ್ಲು ಸವೆಯುತ್ತದೆ. ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಸೊಂಟದೆತ್ತರ ಸಿಮೆಂಟ್ ಹಚ್ಚಿಸಿದರು, ಈಗ ಎದೆಯೆತ್ತರದಲ್ಲಿ ಉಪ್ಪು ಬಿಳಿಚಿಕೊಂಡಿದೆ. ನಮ್ಮಲ್ಲಿ ತೇವಕ್ಕೆ ಕಾರಣ ಹೊರಗಿದೆ. ವರ್ಷಗಳಿಂದ ಮಣ್ಣು ಸೇರಿ ಸೇರಿ ಹಿತ್ತಲಿನ ನೆಲ ಮನೆಯ ಪಂಚಾಂಗದ, ಅಂದರೆ ಅಡಿಗಟ್ಟಿನ, ಅಂಚಿಗೆ ಬಂದಿದೆ. ಮೊದಲು ಆ ಮಣ್ಣು ತೆಗೆಸಿ, ಮಾಡಿನ ನೀರು ಬೀಳುವಲ್ಲಿ ಕಣಿ ತೋಡಿಸಿ, ಒಂದು ಬೇಸಗೆ ಗೋಡೆ ಒಣಗಲು ಬಿಡಬೇಕು. ಆಮೇಲೆ ಚಿಪ್ಪಿನ ಸುಣ್ಣದ ಗಾರೆ. ಅದನ್ನು ಬಲ್ಲ ಮೇಸ್ತ್ರಿಗಳು ಈಗ ಕಡಿಮೆ, ಕೂಲಿಯೂ ಹೆಚ್ಚು. ಕೊಡೋಣ.

ಕಾವಿ ನೆಲದ ಮೇಲೆ ಟೈಲ್ಸ್ ಬೇಡವೇ ಬೇಡ. ಬಿರುಕು ಬಿಟ್ಟಲ್ಲಿ ಮಾತ್ರ ತುಂಬಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ಸಾಕು. ಆ್ಯಸಿಡ್ ತಾಗಿಸಬೇಡಿ. ಚಾವಡಿ ಕತ್ತಲೆ ಎಂದಿದ್ದೀಯ, ನಾಲ್ಕಾರು ಗಾಜಿನ ಹಂಚು ಹಾಕಿಸಿದರೆ ಬೆಳಕಾಗುತ್ತದೆ, ಗೋಡೆ ಒಡೆಯುವ ಅಗತ್ಯವಿಲ್ಲ. ಆ ಗೋಡೆಯ ಮೇಲೆಯೇ ಅಟ್ಟದ ಜಂತಿಗಳು ನಿಂತಿವೆ.

ವಯರಿಂಗ್ ಪೂರ್ತಿ ಹೊಸದಾಗಬೇಕು, ಅದರಲ್ಲಿ ಉಳಿಸುವಂಥದ್ದು ಏನೂ ಇಲ್ಲ. ಗೋಡೆ ಕೊರೆಯದೆ ಮರದ ಪಟ್ಟಿಯ ಮರೆಯಲ್ಲಿ ಮೇಲಿಂದಲೇ ಎಳೆಸು. ಹೊಸ ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದೊಡನೆ ಅದನ್ನು ಕಡಿಯುವ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ ಹಾಕಿಸು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಮಕ್ಕಳಿರುವ ಮನೆ.

ಆಚಾರಿಯ ಹತ್ತಿರ ಮಾತನಾಡಿದ್ದೇನೆ. ದೀಪಾವಳಿ ಕಳೆದ ಮೇಲೆ ಹಂಚು ಇಳಿಸಿದರೆ ಮಳೆಗಾಲಕ್ಕೆ ಮೊದಲು ಮಾಡಿನ ಕೆಲಸವೆಲ್ಲ ಮುಗಿಯುತ್ತದೆ ಎಂದರು. ಪಕ್ಕಾಸಿಗೆ ಹಲಸಿನ ಮರ ನಮ್ಮ ತೋಟದಲ್ಲೇ ಇದೆ, ಈಗಲೇ ಕಡಿಸಿ ಸೀಳಿಸಿಟ್ಟರೆ ಅಷ್ಟರಲ್ಲಿ ಒಣಗೀತು. ಅಪ್ಪ ನಿನ್ನ ಒಪ್ಪಿಗೆಗೆ ಕಾಯುತ್ತಿದ್ದಾರೆ. ಅಡುಗೆ ಕಟ್ಟೆಯ ಎತ್ತರ ಎಷ್ಟಿರಬೇಕೆಂದು ಮೇಸ್ತ್ರಿ ಕೇಳುತ್ತಿದ್ದಾರೆ. ಅಲ್ಲಿನ ಅಡುಗೆಮನೆಯಲ್ಲಿ ನಿನಗೂ ಅಳಿಯಂದಿರಿಗೂ ಬೆನ್ನು ಬಾಗದೆ ಕೆಲಸ ಮಾಡಲು ಹಿತವಾಗುವ ಎತ್ತರವನ್ನು ಟೇಪು ಹಿಡಿದು ಅಳೆದು, ಭಾನುವಾರದೊಳಗೆ ತಿಳಿಸು.

ನಿನ್ನ,
ಅಮ್ಮ