ಮನೆಯಲ್ಲಿರುವ ಹಳೆಯ ಸಣ್ಣ ಲ್ಯಾಪ್‌ಟಾಪುಗಳ ಕುರಿತು ಹೆತ್ತವರಿಗೆ ಪತ್ರ

ಮಾನ್ಯ ಹೆತ್ತವರೇ,

ಸಾದರ ನಮಸ್ಕಾರಗಳು.

ಕಳೆದ ತಿಂಗಳು ಮನೆಭೇಟಿಗೆಂದು ಹೋಗಿದ್ದಾಗ ಒಬ್ಬ ತಾಯಿ ಕಪಾಟಿನ ಮೇಲಿಂದ ಬೈರಾಸಿನಲ್ಲಿ ಸುತ್ತಿಟ್ಟಿದ್ದ ಲ್ಯಾಪ್‌ಟಾಪನ್ನು ಇಳಿಸಿ, “ಆನ್‌ಲೈನ್ ಕ್ಲಾಸಿಗೆಂದು ಸಾಲ ಮಾಡಿ ತೆಗೆದದ್ದು ಮಾಷ್ಟ್ರೇ, ಈಗ ಹಾಳಾಗಿದೆ” ಎಂದರು. ಅದನ್ನು ಚಾಲೂ ಮಾಡಿದೆವು. ಅವರು ಕೊಟ್ಟ ಚಹಾ ಕುಡಿದು ಮುಗಿದರೂ ಪರದೆಯಲ್ಲಿ ವೃತ್ತ ಸುತ್ತುತ್ತಲೇ ಇತ್ತು. ಕೊನೆಗೆ ತೆರೆದು ನೋಡಿದರೆ, 32 ಜಿಬಿ ಸಂಗ್ರಹದಲ್ಲಿ ಒಂದು ಜಿಬಿಯೂ ಉಳಿದಿರಲಿಲ್ಲ. ಒಳಗಿದ್ದ ವಿಂಡೋಸ್ ಪ್ರತಿ ಸಲವೂ ಅಪ್‌ಡೇಟ್ ಇಳಿಸಿಕೊಳ್ಳಲು ಹೊರಟು, ಜಾಗ ಸಾಲದೆ, ಅರ್ಧದಲ್ಲೇ ನಿಲ್ಲುತ್ತಿತ್ತು. ಯಂತ್ರ ಹಾಳಾಗಿರಲಿಲ್ಲ, ಅದರ ಮೇಲೆ ಹೊರಿಸಿದ ಹೊರೆ ಹೆಚ್ಚಾಗಿತ್ತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕನಿಷ್ಠ 64 ಜಿಬಿ ಸಂಗ್ರಹವನ್ನು ಕೇಳುತ್ತದೆ. ಇಂತಹ ಲ್ಯಾಪ್‌ಟಾಪುಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿರಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ.

ಇಂಟರ್ನೆಟ್ ನೋಡಲು ಬಳಸುವ ಬ್ರೌಸರನ್ನೇ ಮುಖ್ಯವಾಗಿಟ್ಟುಕೊಂಡ ಹಗುರವಾದ ಆಪರೇಟಿಂಗ್ ಸಿಸ್ಟಮ್‌ಗಳು, ಅಂದರೆ ವಿಂಡೋಸಿನಂತೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಗಳು, ಈಗ ಇವೆ. ಗೂಗಲ್ 2009ರಲ್ಲಿ ಪ್ರಕಟಿಸಿದ ಕ್ರೋಮ್ ಓಎಸ್ 2011ರಿಂದ ಕ್ರೋಮ್‌ಬುಕ್ ಎಂಬ ಲ್ಯಾಪ್‌ಟಾಪುಗಳಲ್ಲಿ ಬರುತ್ತಿದೆ; ಹಳೆಯ ಯಂತ್ರಗಳಿಗೂ ಹಾಕಬಹುದಾದ ಅದರ ರೂಪ, ಕ್ರೋಮ್ ಓಎಸ್ ಫ್ಲೆಕ್ಸ್, 2022ರಲ್ಲಿ ಉಚಿತವಾಗಿ ಹೊರಬಂತು. ಇದಕ್ಕೆ 4 ಜಿಬಿ ರ್‍ಯಾಮ್, 16 ಜಿಬಿ ಸಂಗ್ರಹ, 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇದ್ದರೆ ಸಾಕು. ಇದು ತನ್ನದೇ ಎರಡು ಪ್ರತಿಗಳನ್ನು ಇಟ್ಟುಕೊಂಡು, ಒಂದರಲ್ಲಿ ನಾವು ಕೆಲಸ ಮಾಡುತ್ತಿರುವಾಗ ಇನ್ನೊಂದನ್ನು ಹಿನ್ನೆಲೆಯಲ್ಲಿ ಹೊಸದಾಗಿಸಿ, ಮುಂದಿನ ಸಲ ಯಂತ್ರ ತೆರೆದಾಗ ಆ ಹೊಸ ಪ್ರತಿಗೆ ಹೊರಳಿಕೊಳ್ಳುತ್ತದೆ; ಆದ್ದರಿಂದ ಅಪ್‌ಡೇಟಿಗಾಗಿ ಮಗು ಕಾದು ಕುಳಿತುಕೊಳ್ಳಬೇಕಾಗಿಲ್ಲ. ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರಾಚ್, ಗಣಿತ ಕಲಿಸುವ ಜಿಯೋಜೀಬ್ರಾ ಇವೆಲ್ಲ ಬ್ರೌಸರಿನಲ್ಲೇ ನಡೆಯುತ್ತವೆ.

ಇದನ್ನು ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಆಗ ಲ್ಯಾಪ್‌ಟಾಪಿನ ಒಳಗಿರುವ ಯಾವುದೂ ಅಳಿಯುವುದಿಲ್ಲ. ವೈಫೈ, ಧ್ವನಿ, ಕ್ಯಾಮೆರಾ, ಕೀಲಿಮಣೆ ಸರಿಯಾಗಿ ಕೆಲಸ ಮಾಡುತ್ತವೆಯೋ ಎಂದು ನಿಮ್ಮೆದುರೇ ಪರೀಕ್ಷಿಸಿ, ನೀವು ಒಪ್ಪಿದ ಮೇಲಷ್ಟೇ ಒಳಗೆ ಸ್ಥಾಪಿಸುತ್ತೇವೆ.

ಸ್ಥಾಪಿಸಿದ ಕ್ಷಣದಿಂದ ಮಾತ್ರ ಹಳೆಯದೆಲ್ಲವೂ ಅಳಿದುಹೋಗುತ್ತದೆ, ಅದನ್ನು ಮರಳಿ ಪಡೆಯಲಾಗದು. ನಾನು ಈ ಪ್ರಯೋಗವನ್ನು ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ ಮಾಡಿದ್ದೆ. ಪಾಠದ ಕಡತಗಳನ್ನು ಜೋಪಾನವಾಗಿ ನಕಲಿಸಿಕೊಂಡಿದ್ದರೂ, ‘ಡೌನ್‌ಲೋಡ್ಸ್’ ಒಳಗೆ ಉಳಿದಿದ್ದ, ತೀರಿಕೊಂಡ ನನ್ನ ತಾಯಿಯ ಕೆಲವು ಫೋಟೋಗಳನ್ನು ಮರೆತೆ. ಆ ನೋವು ನಿಮಗಾರಿಗೂ ಆಗಬಾರದು. ಎಲ್ಲ ಫೋಲ್ಡರುಗಳನ್ನೂ ಪೆನ್‌ಡ್ರೈವಿಗೆ ನಕಲಿಸಿಕೊಂಡು, ಆ ನಕಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಲ್ಯಾಪ್‌ಟಾಪನ್ನು ತನ್ನಿರಿ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಆಮಂತ್ರಣ, ವರದಿಗಳಿದ್ದರೆ ಅವನ್ನು ಮೊದಲೇ ಯೂನಿಕೋಡ್ ಎಂಬ, ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತಕ್ಕೆ ಪರಿವರ್ತಿಸಿಕೊಳ್ಳಿರಿ. ಇಲ್ಲವಾದರೆ ಅವು ಬ್ರೌಸರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.

ಎಲ್ಲ ಮನೆಗಳಿಗೂ ಇದು ಹೊಂದುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳ ಐ.ಟಿ. ಪಾಠವೂ ಪ್ರಾಯೋಗಿಕ ಪರೀಕ್ಷೆಯೂ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್ ಎಂಬ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಡೆಯುತ್ತವೆ. ಆದ್ದರಿಂದ ಆ ಮಕ್ಕಳ ಲ್ಯಾಪ್‌ಟಾಪಿಗೆ ಅದೇ ಲಿನಕ್ಸ್ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಡಿಕೆ ವ್ಯಾಪಾರದ ಲೆಕ್ಕವನ್ನು ಟ್ಯಾಲಿಯಲ್ಲಿ ಇಟ್ಟಿರುವವರು ಆ ಯಂತ್ರವನ್ನು ತರಬೇಡಿರಿ, ವಿಂಡೋಸಿನ ತಂತ್ರಾಂಶಗಳು ಕ್ರೋಮ್ ಓಎಸ್ ಫ್ಲೆಕ್ಸಿನಲ್ಲಿ ನಡೆಯುವುದಿಲ್ಲ. 2 ಜಿಬಿ ರ್‍ಯಾಮ್ ಇರುವವಕ್ಕೆ ಬೇರೆ ಹಗುರ ಲಿನಕ್ಸನ್ನು ನೋಡೋಣ. ಇನ್ನು ಗುಡ್ಡದಾಚೆಯ ಮನೆಗಳವರು ಯೋಚಿಸಿ ನಿರ್ಧರಿಸಬೇಕು: ಮಳೆಗಾಲದಲ್ಲಿ ಕರೆಂಟಿನ ಜೊತೆಗೆ ನೆಟ್‌ವರ್ಕೂ ಹೋಗುವ ಕಡೆ, ಮೊದಲೇ ಆಫ್‌ಲೈನಿಗೆ ಸಿದ್ಧಪಡಿಸಿಟ್ಟ ಬರವಣಿಗೆಯ ಕಡತಗಳನ್ನು ಬಿಟ್ಟರೆ ಈ ವ್ಯವಸ್ಥೆಯಿಂದ ಹೆಚ್ಚಿನ ಪ್ರಯೋಜನ ಸಿಗದು.

ಲಾಗಿನ್ ಆಗಲು ಗೂಗಲ್ ಖಾತೆ ಬೇಕು. ಸಣ್ಣ ಮಕ್ಕಳಿಗೆ ನಿಮ್ಮ ಖಾತೆಯ ಪಾಸ್‌ವರ್ಡ್ ಕೊಡಬೇಡಿರಿ. ಅತಿಥಿಯಾಗಿ ತೆರೆಯುವ ವ್ಯವಸ್ಥೆಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿರಿ.

ಬರುವ ಎರಡು ಶನಿವಾರಗಳಂದು ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಅಧ್ಯಾಪಕರು ಇರುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಚಾರ್ಜರನ್ನೂ, 8 ಜಿಬಿಗಿಂತ ಕಡಿಮೆಯಿಲ್ಲದ ಬೇರೊಂದು ಖಾಲಿ ಪೆನ್‌ಡ್ರೈವನ್ನೂ, ನೀವು ಸಹಿ ಹಾಕಿದ ಒಪ್ಪಿಗೆ ಪತ್ರವನ್ನೂ ಜೊತೆಯಲ್ಲಿ ತನ್ನಿರಿ. ಮಕ್ಕಳ ಕೈಯಲ್ಲಿ ಕಳುಹಿಸದೆ ನೀವೇ ಬರಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು