ಪೆನ್ಸಿಲ್ ಹಿಡಿದ ಮೇಡಂಗೆ

ಮೇಡಂ, ಹೆಸರು ಬರೆಯಬೇಡ ಅಂದಿದ್ದೀರಿ, ಬರೆಯುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಸುಮ್ನೆ ಇರಲು ಆಗುತ್ತಿಲ್ಲ.

ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಯಲ್ಲಿ ನನ್ನ ಪಕ್ಕ ಕೂತಿದ್ದಿರಿ. ಲಾಲ್‌ಬಾಗ್ ಬಂಡೆಯ ಬಗ್ಗೆ ಮಕ್ಕಳಿಗೆಂದು ಬರೆದಿದ್ದ ಹಸ್ತಪ್ರತಿ ಎರಡನೇ ಸಲ ವಾಪಸ್ ಬಂದಿತ್ತು. 'ಪಾಠದ ಹಾಗಿದೆ' ಅಂತ ಒಂದೇ ಸಾಲು. ನೀವು ಕೇಳಿ ಇಸ್ಕೊಂಡು ಓದಿದಿರಿ. 'ಬಂಡೆಗೆ ಸುಮಾರು 300 ಕೋಟಿ ವರ್ಷ' ಎಂಬಲ್ಲಿ ಪೆನ್ಸಿಲ್ ಗೆರೆ ಎಳೆದು, "ಎಂಟು ವರ್ಷದ ಮಗು ಕೋಟಿಯನ್ನು ಎಲ್ಲಿ ನೋಡಿರುತ್ತೆ?" ಅಂದಿರಿ.

ಮರುದಿನ ಬೆಳಗ್ಗೆ ಬಂಡೆ ಹತ್ತಿರವೇ ಕರೆದುಕೊಂಡು ಹೋಗಿ ನಡೆಸಿದಿರಿ. ಒಂದು ಹೆಜ್ಜೆಗೆ 1 ಕೋಟಿ ವರ್ಷ. ಒಟ್ಟು 300 ಹೆಜ್ಜೆ. ಡೈನೋಸಾರ್‌ಗಳು ಬರುವ ಹೊತ್ತಿಗೆ ಉಳಿದದ್ದು ಬರೀ 23 ಹೆಜ್ಜೆ. ಅವು ಅಳಿದು ಹೋಗುವಾಗ ಆರೂವರೆ ಹೆಜ್ಜೆ. ನಮ್ಮಂಥ ಮನುಷ್ಯರು? ಕೊನೇ ಹೆಜ್ಜೆಯಲ್ಲಿ ಒಂದು ಬೆರಳಿನ ಅಗಲ. ವಾಕಿಂಗ್‌ಗೆ ಬಂದವರು ನಮ್ಮನ್ನು ಒಂಥರಾ ನೋಡಿದರು, ಇರಲಿ. ಮನೆಗೆ ಬಂದು ಆ ಅಧ್ಯಾಯ ಪೂರ್ತಿ ಮತ್ತೆ ಬರೆದೆ.

ಆಮೇಲೆ ನಿಮ್ಮ ಭಾನುವಾರದ ಗುಂಪಿಗೆ ಸೇರಿಸಿಕೊಂಡಿರಿ. ಆರು ಜನ, ಒಂದು ಫ್ಲಾಸ್ಕ್ ಕಾಫಿ, ಒಂದಿಷ್ಟು ಕೋಡುಬಳೆ. ಕಥೆ ಬರೆಯುವವರಿಗೆ ಹೇಗೋ ಜೊತೆ ಸಿಗುತ್ತದೆ. ಕಲ್ಲು, ಕಪ್ಪೆ, ಕೆರೆ ನೀರಿನ ಬಗ್ಗೆ ಬರೆಯುವವರಿಗೆ ಕಷ್ಟ, ಅಲ್ವಾ? ಅಲ್ಲಿ "ಇದು ನಿಜಾನಾ, ಯಾರನ್ನು ಕೇಳಿದೆ?" ಅಂತ ಬೈಯುವವರಿದ್ದಾರೆ. ಹಾಗೆ ಬೈಸಿಕೊಳ್ಳುವುದು ನನಗೆ ಬೇಕಿತ್ತು.

ನಿಮ್ಮ ಪೆನ್ಸಿಲ್ ಇನ್ನೂ ನನ್ನ ಹತ್ತಿರವೇ ಇದೆ, ಮೇಡಂ. ಭಾನುವಾರ ತರುತ್ತೇನೆ. ಈ ಸಲ ಕೋಡುಬಳೆ ನನ್ನದು.